ಕಿಡ್ನಿ ಕೊಡಲು ಹೊಟ್ಟೆ ಕೊಯ್ಸಿಕೊಂಡದ್ದು

ನಾನು ದಪ್ಪಗಿದ್ದೇನೆ ಎನ್ನುವುದು ಬಹಳ ವರ್ಷ ನನಗೆ ಒಂದು ತೊಂದರೆಯಾಗಿ ಕಂಡಿರಲೇ ಇಲ್ಲ. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದೊಂದು ಮೆಸ್ಸಿದೆ. ಮಧ್ಯಾಹ್ನ ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. ಭಾನುವಾರ ಕೋಳಿ ಸಾರು. ದೊಡ್ಡ ಪಾತ್ರೆಯಲ್ಲಿ ಬೇಯುವ ರಾಗಿ ಹಿಟ್ಟನ್ನು ಕೋಲು ಹಾಕಿ ತಿರುವಬೇಕಾದರೆ ತೋಳಲ್ಲಿ ಬಲ, ಮೈಯಲ್ಲಿ ಭಾರ ಎರಡೂ ಬೇಕು. ‘ಕಡ್ಡಿ ಥರ ಇರೋರು ತಿರುವಿದ್ರೆ ಗಂಟು ಬೀಳುತ್ತೆ’ ಎಂದು ಕೆಲಸದವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆಟೋದಲ್ಲಿ ನಾನು ಕೂತರೆ ಪಕ್ಕದವರಿಗೆ ಜಾಗ ಕಷ್ಟ, ಅಷ್ಟೇ. ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ. ಆದ್ದರಿಂದ ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ‘ಈ ತೂಕದಲ್ಲಿ ನಿಮ್ಮ ಕಿಡ್ನಿ ತಗೊಳ್ಳೋಕಾಗಲ್ಲಮ್ಮ’ ಎಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಕಿಡ್ನಿ ಬೇಕಾಗಿದ್ದದ್ದು ನನ್ನ ತಮ್ಮನಿಗೆ. ಕುಣಿಗಲ್‌ನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ತಲೆನೋವು ಬಂದಾಗಲೆಲ್ಲ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕೆಲಸಕ್ಕೆ ಕೂರುತ್ತಿದ್ದ. ಅದು ತಲೆನೋವಲ್ಲ, ಬಿಪಿ ಎಂದು ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ತುಮಕೂರಿಗೆ ಡಯಾಲಿಸಿಸ್‌ಗೆ ಬರುತ್ತಿದ್ದ. ನಾನು ಗುಬ್ಬಿಯಿಂದ ಹೋಗಿ ಅವನ ಪಕ್ಕ ಕೂರುತ್ತಿದ್ದೆ. ಸೂಜಿ ಚುಚ್ಚಲಿಕ್ಕೆಂದು ಅವನ ಎಡಗೈಯಲ್ಲಿ ನರ ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಝುಮ್ಮೆನ್ನುವುದು ತಿಳಿಯುತ್ತಿತ್ತು. ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಎಳನೀರು ಕೆತ್ತಿ ಕೈಗೆ ಕೊಡುತ್ತಾರೆ. ಅದರಲ್ಲಿನ ಪೊಟ್ಯಾಶಿಯಂ ಕಿಡ್ನಿ ಕೆಟ್ಟವರ ಹೃದಯಕ್ಕೆ ಕುತ್ತು, ಅವನಿಗೆ ಅದು ವಿಷ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆಂದು ಅವನು ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದ.

ಅವನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಮ್ಮನಿಗೆ ವಯಸ್ಸಾಗಿತ್ತು, ಶುಗರ್ ಬೇರೆ. ಉಳಿದವಳು ನಾನು. ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಹೊಂದಿದವು. ಕೊನೆಗೆ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆಯಾಡಿಸಿದರು. ‘ಕಿಡ್ನಿ ಚೆನ್ನಾಗಿದೆ. ಆದ್ರೆ ಒಂದು ಕೊಟ್ಟ ಮೇಲೆ ಉಳಿದ ಒಂದು ಈ ಮೈಯನ್ನ ನಿಮ್ಮ ಜೀವನ ಪೂರ್ತಿ ಎಳೀಬೇಕು. ನಾಳೆ ನೀವೇ ಡಯಾಲಿಸಿಸ್‌ಗೆ ಬಂದ್ರೆ?’ ಎಂದರು. ‘ನಾಳೆದು ನಾಳೆ ನೋಡ್ಕೊಳ್ಳೋಣ ಸಾರ್, ಇವತ್ತು ತಗೊಳ್ಳಿ’ ಎಂದೆ. ಅವರು ನಗಲಿಲ್ಲ. ತೂಕ ಇಳಿಸಿಕೊಂಡು ಬನ್ನಿ ಎಂದು ಕಳುಹಿಸಿದರು. ಇಳಿಸುವುದು ಎಂದರೆ ತಲೆ ಮೇಲಿನ ಬಿಂದಿಗೆ ಎಂದುಕೊಂಡಿದ್ದರೋ ಏನೋ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಳಿಗ್ಗೆ ಗುಬ್ಬಿ ಕೆರೆ ಏರಿಯ ಮೇಲೆ ನಡೆದೆ. ಅನ್ನ ಬಿಟ್ಟೆ, ಎಣ್ಣೆ ಬಿಟ್ಟೆ. ಮೆಸ್ಸಿಗೆ ಬರುವ ಲೈನ್‌ಮನ್ ಒಬ್ಬ ‘ಏನಕ್ಕಾ, ಎಲೆಕ್ಷನ್‌ಗೆ ನಿಂತ್ಕತೀಯಾ? ದಿನಾ ಪಾದಯಾತ್ರೆ’ ಎಂದು ರೇಗಿಸಿದ. ದಿನವಿಡೀ ಒಲೆಯ ಮುಂದೆ ನಿಂತು, ಬೇರೆಯವರಿಗೆ ಬಡಿಸುತ್ತಾ, ಸಾರಿನ ಉಪ್ಪು ನೋಡುತ್ತಾ ಉಪವಾಸ ಮಾಡುವುದು ಎಷ್ಟು ಕಷ್ಟವೆಂದು ಕೆರೆ ಏರಿಯ ಮೇಲೆ ಕೈಬೀಸಿ ನಡೆಯುವ ರಿಟೈರ್ಡ್ ಮೇಷ್ಟ್ರುಗಳಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಸ್ವಲ್ಪ ಇಳಿಯಿತು. ದೀಪಾವಳಿ ಕಳೆಯುವಷ್ಟರಲ್ಲಿ ಇಳಿದದ್ದೂ ಬಂತು, ಅದರ ಜೊತೆಗೆ ಇನ್ನಷ್ಟೂ ಬಂತು. ಅಷ್ಟರಲ್ಲಿ ತಮ್ಮನ ಮುಖ ಕಪ್ಪಾಗುತ್ತಿತ್ತು. ಅಂಗಡಿ ಬಾಗಿಲು ತೆರೆಯುವ ದಿನಗಳಿಗಿಂತ ಮುಚ್ಚುವ ದಿನಗಳು ಹೆಚ್ಚಾದವು.

ಹೊಟ್ಟೆಯ ಆಪರೇಷನ್ ಮಾತು ಎತ್ತಿದ್ದು ಬೆಂಗಳೂರಿನ ಅದೇ ಆಸ್ಪತ್ರೆಯವರು. ಅಲ್ಲಿನ ಸರ್ಜನ್ ಮಂಡ್ಯದ ಕಡೆಯ ಹೆಂಗಸು, ನನಗಿಂತ ಚಿಕ್ಕವರು. ಕಾಗದದ ಮೇಲೆ ಹೊಟ್ಟೆ ಬರೆದು ತೋರಿಸಿದರು. ಹೊಟ್ಟೆಯೊಳಗೆ ಬಲೂನು ಇಡುವುದು ಒಂದು. ಅದನ್ನು ಕೆಲವು ತಿಂಗಳಲ್ಲಿ ತೆಗೆಯಲೇಬೇಕು, ತೆಗೆದ ಮೇಲೆ ತೂಕ ಮರಳಿ ಬರುವುದೇ ಹೆಚ್ಚು. ಕರುಳನ್ನು ತಿರುಗಿಸಿ ಜೋಡಿಸುವ ಬೈಪಾಸು ಇನ್ನೊಂದು. ತೂಕ ಚೆನ್ನಾಗಿ ಇಳಿಯುತ್ತದೆ, ಆದರೆ ಆಮೇಲೆ ಕಿಡ್ನಿಯಲ್ಲಿ ಕಲ್ಲಾಗುವ ಭಯ ಇದೆ. ‘ಕಿಡ್ನಿ ಕೊಡೋರಿಗೆ ನಾನು ಅದನ್ನ ಹೇಳಲ್ಲ’ ಎಂದರು. ಉಳಿದದ್ದು ಹೊಟ್ಟೆಯನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಪಾಲು ತೆಗೆದು ಬಾಳೆಕಾಯಿಯಷ್ಟು ಉಳಿಸುವುದು. ಒಮ್ಮೆ ತೆಗೆದರೆ ಮುಗಿಯಿತು, ವಾಪಸ್ ಇಡಲು ಬರುವುದಿಲ್ಲ.

ನಾನು ಕೇಳಿದ್ದು ಒಂದೇ: ‘ಎಷ್ಟು ಬೇಗ?’

ಅವರು ಪೆನ್ನು ಕೆಳಗಿಟ್ಟರು. ‘ವರ್ಷ ಹಿಡಿಯುತ್ತೆ ಅಂದ್ಕೊಳ್ಳಿ. ಇಳಿದ ತೂಕ ನಿಲ್ಲಬೇಕು, ಆಮೇಲೆ ಕಿಡ್ನಿ ಡಾಕ್ಟ್ರು ಮತ್ತೆ ಎಲ್ಲಾ ಟೆಸ್ಟ್ ಮಾಡ್ತಾರೆ. ಎಲ್ರಿಗೂ ಬೇಕಾದಷ್ಟು ಇಳಿಯುತ್ತೆ ಅಂತ ನಾನು ಬರೆದು ಕೊಡಲ್ಲ. ಕೂದಲು ಉದುರುತ್ತೆ. ಚರ್ಮ ಜೋತು ಬೀಳುತ್ತೆ. ಕೊನೇ ತನಕ ಮಾತ್ರೆ ತಗೋಬೇಕು. ಹಳೇ ಥರ ತಿಂದ್ರೆ ಕೆಲವರಿಗೆ ತೂಕ ವಾಪಸ್ ಬರುತ್ತೆ. ಸಣ್ಣ ಹೊಟ್ಟೆ ಕೊಡೋದಷ್ಟೇ ನನ್ನ ಕೆಲ್ಸ’ ಎಂದರು. ಆಸ್ಪತ್ರೆಗಳಲ್ಲಿ ಇಷ್ಟು ನೇರವಾಗಿ ಮಾತಾಡುವವರು ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ‘ಅಲ್ಲೀ ತನಕ ನನ್ನ ತಮ್ಮ ತಡೀತಾನಾ?’ ಎಂದು ಕೇಳಿದೆ. ‘ಅದನ್ನ ಯಾರೂ ಹೇಳಕ್ಕಾಗಲ್ಲಮ್ಮ’ ಎಂದರು.

ನಮ್ಮ ಮನೆಯವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಅವರು ಮೆಸ್ಸಿನ ಗಲ್ಲಾದ ಹಿಂದೆ ಕೂತು ಮಾತಿಲ್ಲದೆ ದಿನ ಕಳೆಯುವ ಮನುಷ್ಯ. ಅವತ್ತು ಮಾತ್ರ ಜೋರಾದರು. ‘ಒಂದು ಕಿಡ್ನಿ ಕೊಡಕ್ಕೆ ಮುಕ್ಕಾಲು ಹೊಟ್ಟೆ ಕುಯ್ಸ್ಕೋಬೇಕಾ? ಇದ್ಯಾವ ನ್ಯಾಯ? ನಿನಗೆ ಹೆಚ್ಚುಕಮ್ಮಿ ಆದ್ರೆ ನಾನೇನ್ ಮಾಡ್ಲಿ?’ ಎಂದರು. ಸತ್ತವರ ಕಿಡ್ನಿಗೆ ತಮ್ಮನ ಹೆಸರು ಬರೆಸಿದ್ದೆವು. ಅದರ ಸರದಿ ಯಾವ ಕಾಲಕ್ಕೋ. ‘ಸುಮ್ನೆ ಕೂತ್ಕೊಂಡು ಅವನು ಹೋಗೋದನ್ನ ನೋಡ್ಲಾ?’ ಎಂದೆ. ಅವರು ಎದ್ದು ಹೊರಗೆ ಹೋದರು.

ತಮ್ಮ ಇನ್ನೂ ಕಷ್ಟ ಕೊಟ್ಟ. ತುಮಕೂರಿನ ಡಯಾಲಿಸಿಸ್ ವಾರ್ಡಿನಲ್ಲಿ, ರಕ್ತ ಯಂತ್ರದೊಳಗೆ ಸುತ್ತುತ್ತಿರುವಾಗಲೇ, ನನ್ನ ಜೊತೆ ಜಗಳಕ್ಕೆ ಬಿದ್ದ.

‘ಅಕ್ಕಾ, ನನಗೋಸ್ಕರ ನಿನ್ ಹೊಟ್ಟೆಗೆ ಕತ್ತರಿ ಹಾಕುಸ್ಕೋಬೇಡ. ಆಮೇಲೆ ಒಂದು ಮುದ್ದೆ ಉಣ್ಣಕ್ಕೂ ಆಗಲ್ವಂತೆ ನಿನಗೆ.’

‘ನೀನು ಒಂದು ಎಳನೀರು ಕುಡಿಯಂಗಿಲ್ಲ. ಸುಮ್ಕಿರ್ಲಾ.’

‘ನಾನು ಹೋಗೋನು. ನೀನ್ಯಾಕೆ?’

‘ಹೋಗ್ತೀನಿ ಹೋಗ್ತೀನಿ ಅಂದ್ರೆ ಕಪಾಳಕ್ಕೆ ಬಿಡ್ತೀನಿ ನೋಡು’ ಎಂದೆ. ಪಕ್ಕದ ಹಾಸಿಗೆಯ ಮುದುಕರು ನಕ್ಕರು. ನನ್ನ ತಮ್ಮ ಆ ಕಡೆ ಮುಖ ತಿರುಗಿಸಿಕೊಂಡ. ಆ ಕಡೆ ನೋಡುತ್ತಲೇ ‘ನೋವಾಗುತ್ತಾ?’ ಎಂದು ಕೇಳಿದ. ಒಪ್ಪಿದ್ದಾನೆ ಎಂದು ಆಗ ಗೊತ್ತಾಯಿತು. ಬದುಕಬೇಕೆಂಬ ಆಸೆ ಅವನಿಗೂ ಇತ್ತು, ಅದನ್ನು ಹೇಳಲು ನಾಚಿಕೆ ಪಡುತ್ತಿದ್ದ. ಅದಕ್ಕಾಗಿ ನನಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಎದ್ದು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ನೆಂಟರಿಗೆ ಇದು ಹೇಗೋ ಗೊತ್ತಾಯಿತು. ಆದರೆ ಅರ್ಧ ಮಾತ್ರ. ಸಿ.ಎಸ್. ಪುರದ ಮದುವೆಯೊಂದರಲ್ಲಿ ನಮ್ಮ ದೊಡ್ಡಮ್ಮ ಊಟದ ಪಂಕ್ತಿಯಲ್ಲೇ ‘ಈ ವಯಸ್ನಾಗೆ ಯಾರ್ಗೆ ತೋರ್ಸಕ್ಕೆ ಸಣ್ಣ ಆಯ್ತೀಯಮ್ಮೀ?’ ಎಂದರು. ಅಕ್ಕಪಕ್ಕದವರು ಎಲೆಗೆ ಮುಖ ಹಾಕಿಕೊಂಡು ನಕ್ಕರು. ಕಿಡ್ನಿಯ ವಿಷಯ ಹೇಳಬಹುದಿತ್ತು. ತಮ್ಮನ ಕಾಯಿಲೆಯನ್ನು ಒಬ್ಬಟ್ಟಿನ ಜೊತೆ ನಂಚಿಕೊಳ್ಳಲು ಇವರಿಗೆ ಕೊಡಬಾರದೆಂದು ಬಾಯಿ ಮುಚ್ಚಿಕೊಂಡೆ. ‘ನಿಮಗೇ ತೋರ್ಸಕ್ಕೆ ದೊಡ್ಡಮ್ಮ’ ಎಂದು ಎಲೆ ಮಡಚಿ ಎದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸಣ್ಣ ಸಣ್ಣ ತೂತು, ಸಣ್ಣ ಸಣ್ಣ ಹೊಲಿಗೆ. ಮೊದಲು ನೀರಿನಂಥದ್ದು ಮಾತ್ರ, ಆಮೇಲೆ ಗಂಜಿಯಂಥದ್ದು, ಆಮೇಲೆ ಮೆತ್ತಗಿನ ಊಟ, ಕೊನೆಗೆ ಮಾಮೂಲಿ ಊಟ ಎಂದು ಹಂತ ಮಾಡಿಕೊಟ್ಟರು. ಊಟದ ವಿಷಯ ಹೇಳುವ ಹುಡುಗಿ ಉತ್ತರದ ಕಡೆಯವಳು, ಕನ್ನಡವನ್ನು ಕಷ್ಟಪಟ್ಟು ಆಡುತ್ತಿದ್ದಳು. ಕಿಚಡಿ, ಬೇಯಿಸಿ ಮಸೆದ ಬೇಳೆ, ಮೊಟ್ಟೆ, ಪನೀರು ಎಂದಳು. ‘ಎಲ್ಲಾ ಮೆತ್ತಗೆ. ಎಲ್ಲಾ ಅಗಿದು ಅಗಿದು’ ಎಂದು ಹಲ್ಲು ಕಡಿದು ತೋರಿಸಿದಳು. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಲೇ ಇರಬೇಕು ಎಂದಳು. ನಾನು ಮನೆಗೆ ಬಂದು ಒಂದು ಲೋಟವನ್ನು ಹಿಡಿದು ಕೂತೆ. ಕುಣಿಗಲ್‌ನಲ್ಲಿ ತಮ್ಮನೂ ಒಂದು ಲೋಟ ಹಿಡಿದು ಕೂತಿರುತ್ತಿದ್ದ. ಅವನು ಜಾಸ್ತಿ ಕುಡಿಯಬಾರದು, ನಾನು ಕಮ್ಮಿ ಕುಡಿಯಬಾರದು. ಫೋನಿನಲ್ಲಿ ‘ನಿಂದೂ ನಂದೂ ಅದಲುಬದಲು ಮಾಡಿದ್ರೆ ಸರಿಹೋಗ್ತಿತ್ತು ಕಣಕ್ಕಾ’ ಎಂದು ನಗುತ್ತಿದ್ದ.

ತೂಕ ಬಿದ್ದದ್ದನ್ನು ನೋಡಿ ನಾನೇ ಹೆದರಿದೆ. ಕೈಯ ಬಳೆಗಳು ಮೊಣಕೈವರೆಗೆ ಸರಿದಾಡತೊಡಗಿದವು. ಹಸಿವು ಎನ್ನುವುದೇ ಹೋಗಿತ್ತು. ಮೆಸ್ಸಿನಲ್ಲಿ ಒಗ್ಗರಣೆ ವಾಸನೆ ತಡೆಯಲಾಗದೆ ಹೊರಗೆ ಬಂದು ಕೂರುತ್ತಿದ್ದೆ, ಅಡುಗೆಯನ್ನು ನನ್ನ ಆರೈಕೆಗೆಂದು ಬಂದಿದ್ದ ಅಮ್ಮ ಮತ್ತು ಕೆಲಸದವರು ನೋಡಿಕೊಂಡರು. ಒಂದು ದಿನ ಅಮ್ಮ, ಆ ಕಿಚಡಿಯ ಬಟ್ಟಲನ್ನು ದೂರ ತಳ್ಳಿ, ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಮುದ್ದೆ ಇಟ್ಟುಕೊಂಡು ಬಂದರು. ಬಿಸಿ ಬಿಸಿ, ನುಣ್ಣಗೆ, ಮೇಲೆ ಬೆರಳಚ್ಚು. ‘ಮೆತ್ತುಗಿನ್ ಊಟ ಅಂದವ್ರೆ ತಾನೇ? ಮುದ್ದೆಗಿಂತ ಮೆತ್ತುಗಿರೋದು ಏನೈತೆ? ಬ್ಯಾಳೆ ನುರುದ್ ತಿನ್ನೋ ಬದ್ಲು ಇದುನ್ ಉಣ್ಣು, ಮೈಗೆ ಸೇರ್ತೈತೆ’ ಎಂದರು. ಅವರು ಹೇಳಿದ್ದು ನನಗೂ ಸರಿಯಾಗಿಯೇ ಕಂಡಿತು. ಮುದ್ದೆ ಮೆತ್ತಗಿರುತ್ತದೆ, ಎಣ್ಣೆಯಿಲ್ಲ, ಸಕ್ಕರೆಯಿಲ್ಲ.

ಮೊಟ್ಟೆಯನ್ನು ಅಗಿದಿದ್ದೆ, ಬೇಳೆಯನ್ನೂ ಅಗಿದಿದ್ದೆ. ಆದರೆ ಮುದ್ದೆಯನ್ನು ಅಗಿಯುವುದು ಎಂಬ ಮಾತೇ ನಮ್ಮಲ್ಲಿ ಇಲ್ಲ. ತುತ್ತು ಮುರಿ, ಸಾರಿಗೆ ಅದ್ದು, ನುಂಗು. ನಾವು ಚಿಕ್ಕವರಿದ್ದಾಗ, ಅಗಿದರೆ ಹಲ್ಲಿಗೆ ಅಂಟುತ್ತದೆಂದು ಅಪ್ಪ ತಲೆಗೆ ಮೊಟಕುತ್ತಿದ್ದರು. ಮಾತಾಡಲು ಕಲಿಯುವ ಮುಂಚೆ ಕಲಿತದ್ದು ಅದು. ಮೊದಲ ತುತ್ತು ಇಳಿಯಿತು. ಎರಡನೆಯದು ಇಳಿಯಿತು. ಬಹಳ ದಿನದ ಮೇಲೆ ಊಟ ಮಾಡಿದ ಹಾಗನ್ನಿಸಿತು. ಮೂರನೆಯದು ಎದೆಯ ಕೆಳಗೆ ನಿಂತಿತು.

ಮೊದಲು ನೋವು, ಆಮೇಲೆ ಬಾಯಿತುಂಬ ನೊರೆ ನೊರೆ ಜೊಲ್ಲು. ಕುಡಿದ ನೀರು ಕುಡಿದಂತೆಯೇ ಹೊರಬಂತು. ಆಪರೇಷನ್ ಆದ ಮೇಲೆ ಒಮ್ಮೊಮ್ಮೆ ವಾಂತಿಯಾಗಬಹುದು ಎಂದು ಹೇಳಿದ್ದರು, ಇದೂ ಅದೇ ಎಂದುಕೊಂಡೆವು. ಅಮ್ಮ ದೃಷ್ಟಿ ತೆಗೆದರು. ಅಂದೇ ಸಂಜೆ ಕುಣಿಗಲ್‌ನಿಂದ ಫೋನು ಬಂತು: ತಮ್ಮನ ಶ್ವಾಸಕೋಶದಲ್ಲಿ ನೀರು ತುಂಬಿದೆ, ತುಮಕೂರಿಗೆ ಕರೆತರುತ್ತಿದ್ದೇವೆ. ನಮ್ಮ ಮನೆಯವರು ಹೊರಟರು. ‘ನೀನು ಹೆಂಗಿದೀಯಾ?’ ಎಂದು ಬಾಗಿಲಲ್ಲಿ ನಿಂತು ಕೇಳಿದರು. ‘ಚೆನ್ನಾಗಿದೀನಿ, ಹೋಗಿ ಮೊದ್ಲು’ ಎಂದೆ. ಅವನು ಐಸಿಯುನಲ್ಲಿ ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದ್ದಾಗ, ನನಗೆ ಮುದ್ದೆ ಇಳಿಯುತ್ತಿಲ್ಲ ಎಂದು ಯಾರಿಗೆ ಹೇಳುವುದು? ಅಷ್ಟೂ ದಿನ ಗುಟುಕು ನೀರೂ ನನ್ನೊಳಗೆ ನಿಲ್ಲಲಿಲ್ಲ. ಅವನು ಚೇತರಿಸಿಕೊಂಡು ವಾರ್ಡಿಗೆ ಬಂದ ದಿನ ನಾನು ಹಿತ್ತಲಲ್ಲಿ ಕುಸಿದು ಬಿದ್ದೆ. ಆ ಹೊತ್ತಿಗೆ ಮೂತ್ರ ನಿಂತೇ ಹೋಗಿತ್ತು.

ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ಕೊಂಡೊಯ್ದರು. ಬಾಯಿಯಿಂದ ಪೈಪು ಇಳಿಸಿ ಅಲ್ಲಿ ಸಿಕ್ಕಿಕೊಂಡಿದ್ದ ಮುದ್ದೆಯ ಗಟ್ಟಿಯನ್ನು ಚೂರು ಚೂರಾಗಿ ತೆಗೆದರು. ಎಚ್ಚರವಾದಾಗ ಸರ್ಜನ್ ಮೇಡಂ ಪಕ್ಕದಲ್ಲಿ ನಿಂತಿದ್ದರು.

‘ಏನ್ ತಿಂದ್ರಿ?’

‘ಮುದ್ದೆ.’

‘ಅಗಿದ್ರಾ?’

‘ಮುದ್ದೆನಾ ಮೇಡಂ?’

ಅವರು ಕಣ್ಣು ಮುಚ್ಚಿಕೊಂಡರು. ಸ್ಟೂಲು ಎಳೆದುಕೊಂಡು ಕೂತರು. ‘ನಮ್ಮನೇಲೂ ಮುದ್ದೆನೇ. ನಾನೂ ನುಂಗಿಯೇ ಬೆಳೆದೋಳು. ಒಂದು ಮಾತು ಹೇಳ್ಬೇಕಿತ್ತು, ನನಗೂ ಹೊಳೀಲಿಲ್ಲ’ ಎಂದರು. ನಾನು ಅವರನ್ನು ಬಯ್ಯಬೇಕೆಂದುಕೊಂಡೆ. ಅಷ್ಟರಲ್ಲಿ, ನೀರಿಲ್ಲದೆ ಒಣಗಿ ನನ್ನ ಕಿಡ್ನಿಗಳಿಗೆ ಪೆಟ್ಟು ಬಿದ್ದಿದೆ ಎಂದು ಅವರೇ ಹೇಳಿದರು. ಸಾಮಾನ್ಯವಾಗಿ ಸುಧಾರಿಸಿಕೊಳ್ಳುತ್ತವೆ, ಕಾದು ನೋಡಬೇಕು ಎಂದರು. ಆ ಕ್ಷಣ ನನಗೆ ನನ್ನ ಜೀವದ ಚಿಂತೆ ಬರಲಿಲ್ಲ. ಬೇರೆಯವರಿಗೆ ಕೊಡಲೆಂದು ಎತ್ತಿಟ್ಟ ಸಾಮಾನನ್ನು ಕೈಜಾರಿ ಬೀಳಿಸಿದಂತಾಯಿತು.

ಕಾದೆವು. ತೂಕ ಮೇಡಂ ಹೇಳಿದಂತೆಯೇ ಇಳಿಯಿತು. ಕೂದಲು ಬಾಚಣಿಗೆಗೆ ಕಂತೆಯಾಗಿ ಬಂತು. ತೋಳಿನ ಚರ್ಮ ಜೋತುಬಿತ್ತು. ಮುದ್ದೆ ಕೋಲನ್ನು ಕೆಲಸದವರ ಕೈಗೆ ಕೊಟ್ಟೆ. ಇದೆಲ್ಲ ನನಗೆ ಲೆಕ್ಕಕ್ಕೇ ಇರಲಿಲ್ಲ. ಪ್ರತಿ ತಿಂಗಳು ಗುಬ್ಬಿಯ ಲ್ಯಾಬಿನಲ್ಲಿ ರಕ್ತ ಕೊಟ್ಟು ಕ್ರಿಯಾಟಿನಿನ್ ರಿಪೋರ್ಟಿಗೆ ಕಾಯುವುದೊಂದೇ ಬದುಕಾಗಿತ್ತು. ಅದು ಇಳಿದಷ್ಟೂ ಕಿಡ್ನಿ ಸುಧಾರಿಸಿದಂತೆ. ಇಳಿಯಿತು, ಅರ್ಧದಾರಿಗೆ ಬಂದು ನಿಂತಿತು. ಮೊದಲಿದ್ದಲ್ಲಿಗೆ ಹೋಗಲೇ ಇಲ್ಲ. ಬೆಂಗಳೂರಿನ ಕಿಡ್ನಿ ಡಾಕ್ಟರು ಈ ಸಲ ನನ್ನನ್ನು ತೂಕದ ಯಂತ್ರದ ಹತ್ತಿರವೂ ಕರೆಯಲಿಲ್ಲ. ‘ನಿಮ್ಮ ಕೆಲಸಕ್ಕೆ ಈ ಕಿಡ್ನಿಗಳು ಸಾಕಮ್ಮ. ಹುಷಾರಾಗಿದ್ರೆ ತೊಂದ್ರೆ ಇಲ್ಲ. ಆದ್ರೆ ಇದ್ರಲ್ಲಿ ಒಂದನ್ನ ತೆಗೆಯೋಕೆ ನಾನು ಒಪ್ಪಲ್ಲ’ ಎಂದರು. ಬೇಡಿಕೊಂಡೆ. ಅವರ ಕೋಣೆಯಲ್ಲಿ ಕೂಗಾಡಿದೆ ಕೂಡ. ಅವರು ಸಿಟ್ಟಾಗಲಿಲ್ಲ, ನೀರು ತರಿಸಿ ಮುಂದಿಟ್ಟರು.

ಇದನ್ನು ತಮ್ಮನಿಗೆ ನಾನೇ ಹೇಳಬೇಕಿತ್ತು. ಡಯಾಲಿಸಿಸ್ ವಾರ್ಡಿಗೆ ಹೋಗಿ ಅವನ ಹಾಸಿಗೆಯ ಪಕ್ಕ ಕೂತೆ. ಮಾತು ಹೊರಡುವ ಮುಂಚೆಯೇ ಅವನಿಗೆ ಗೊತ್ತಾಯಿತು. ‘ಬುಡಕ್ಕಾ. ನಿನಗೇ ಬೇಕಲ್ಲ ಅವು’ ಎಂದ. ‘ನಂಗೆ ನಿನ್ನ ಮೇಲೆ ಕ್ವಾಪ ಇರೋದು ಬ್ಯಾರೆ ವಿಷಯಕ್ಕೆ. ಅವತ್ತು ನಾನು ಐಸಿಯುನಾಗೆ ಇದ್ದಾಗ ನೀನು ಹೇಳ್ಳಿಲ್ವಲ್ಲ, ಅದುಕ್ಕೆ’ ಎಂದ. ಜೋಡಿಸಿದ ನರ ಇರುವ ಕೈಯಿಂದಲೇ ನನ್ನ ಮಣಿಕಟ್ಟು ಹಿಡಿದು, ಎಷ್ಟು ಸಣ್ಣಗಾಗಿದೆ ಎಂದು ಬೆರಳುಗಳನ್ನು ಸುತ್ತಲೂ ತಂದು ನೋಡಿದ. ನಾನು ಅಲ್ಲೇ ಎಲ್ಲರ ಎದುರಿಗೆ ಅತ್ತೆ. ನರ್ಸಮ್ಮ ಪರದೆ ಎಳೆದರು.

ಮುಂದಿನ ಬೇಸಿಗೆಯಲ್ಲಿ ಅವನು ಹೋದ. ಡಯಾಲಿಸಿಸ್‌ಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದವನು ಮಂಚದ ಮೇಲೆ ಕೂತ, ಹಾಗೇ ಒರಗಿದ ಎಂದು ಅವನ ಹೆಂಡತಿ ಹೇಳಿದಳು. ಹೃದಯ ನಿಂತಿತ್ತು. ನಾನು ಗುಬ್ಬಿಯಿಂದ ಹೊರಟು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಅವನ ಬಸ್ಸಿಗೆ ಕಾಯುತ್ತಿದ್ದೆ. ಫೋನು ಬಂದದ್ದು ಅಲ್ಲೇ.

ಕುಣಿಗಲ್‌ನಲ್ಲಿ ತಿಥಿ ಆಯಿತು. ಬಂದ ಹೆಂಗಸರು ಅತ್ತರು, ಊಟ ಮಾಡಿದರು, ಆಮೇಲೆ ನನ್ನನ್ನು ನೋಡಿದರು. ‘ಅಯ್ಯೋ, ನೀನೇನಾ? ಹುಡುಗಿ ಥರ ಆಗಿದೀಯಲ್ಲೇ!’ ‘ಯಾವ ಆಸ್ಪತ್ರೆ? ಎಷ್ಟ್ ದಿನ ಮಲಗ್ಬೇಕು?’ ಎಂದರು. ಸಾವಿನ ಮನೆಯಲ್ಲಿ ನನ್ನ ಸೊಂಟ ನೋಡಿ ಹೊಗಳಿದ ಅವರ ಬಾಯಿಗೆ ಮಣ್ಣು ಹಾಕಬೇಕೆನಿಸಿತು. ಎದ್ದು ಒಳಗೆ ಹೋಗಿ ತಮ್ಮನ ಫೋಟೋ ಇಟ್ಟಿದ್ದ ಕೋಣೆಯಲ್ಲಿ ಚಾಪೆಯ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಹೆಬ್ಬೂರಿನಿಂದ ಬಂದಿದ್ದ ದೂರದ ನೆಂಟರ ಸೊಸೆಯೊಬ್ಬಳು ಬಾಗಿಲಲ್ಲಿ ನಿಂತಳು. ಮೂವತ್ತೂ ಆಗಿರಲಿಕ್ಕಿಲ್ಲ. ಬಾಗಿಲನ್ನು ಪೂರ್ತಿ ತುಂಬಿದ್ದಳು, ಉಸಿರು ಬಿಡಲು ಕಷ್ಟಪಡುತ್ತಿದ್ದಳು. ಒಳಗೆ ಬಂದು ಗೋಡೆ ಹಿಡಿದು ನಿಧಾನಕ್ಕೆ ಕೂತಳು. ಡಾಕ್ಟರು ತನಗೂ ಆ ಆಪರೇಷನ್ ಹೇಳಿದ್ದಾರೆ, ಮಾಡಿಸಿಕೊಳ್ಳಲೇ ಬೇಡವೇ ಎಂದು ದನಿ ತಗ್ಗಿಸಿ ಕೇಳಿದಳು. ಇವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಬಲೂನು, ಬೈಪಾಸು, ಕತ್ತರಿಸುವುದು. ಕೂದಲು, ಚರ್ಮ, ಮಾತ್ರೆ. ಮುದ್ದೆಯನ್ನೂ ಅಗಿದೇ ನುಂಗಬೇಕು. ಮಂಡಿ ಹಗುರಾಗುತ್ತದೆ, ಉಸಿರು ಸಲೀಸಾಗುತ್ತದೆ, ಆದರೆ ನೆಂಟರು ಆಡಿಕೊಳ್ಳುವುದು ಬದಲಾಗುವುದಿಲ್ಲ. ವಾಂತಿ ನಿಲ್ಲದಿದ್ದರೆ ಒಂದು ಗಂಟೆಯೂ ಕಾಯಬೇಡ, ಯಾರು ಐಸಿಯುನಲ್ಲಿದ್ದರೂ ಸರಿ ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು.

‘ನೀವು ಅಂದ್ಕೊಂಡಿದ್ದು ಆಯ್ತಾ ಅಕ್ಕಾ?’ ಎಂದು ಕೇಳಿದಳು.

ನಾನು ಯಾತಕ್ಕೆ ಮಾಡಿಸಿಕೊಂಡೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳ ಬೆನ್ನ ಹಿಂದೆ ತಮ್ಮನ ಫೋಟೋ, ಎಡೆಯ ಎಲೆ, ಎಲೆಯ ಪಕ್ಕ ಈಗ ಅವನಿಗೆ ಯಾರೂ ಬೇಡವೆನ್ನದ ಒಂದು ಎಳನೀರು.

‘ತೂಕ ಇಳೀತಮ್ಮ’ ಎಂದೆ.